ರಿಮಾಂಡ್ ಹೋಮಿನ ಹುಡುಗ ಮತ್ತು ಪ್ರೊಬೇಷನ್ ಅಧಿಕಾರಿ: ನಂಬಿಕೆಯೇ ಬಂಡವಾಳ

ಮುಂಬಯಿ: ಡೋಂಗ್ರಿಯ ರಿಮಾಂಡ್ ಹೋಮ್ ಎಂದೊಡನೆ ನಮ್ಮವರ ಮನೆಗಳಲ್ಲಿ ಮಾತು ನಿಂತುಬಿಡುತ್ತದೆ. ಬ್ರಿಟಿಷರ ಕಾಲದಲ್ಲಿ ಡೋಂಗ್ರಿ ಎಂದರೆ ಜೈಲು. 1882ರಲ್ಲಿ ತಿಲಕರೂ ಆಗರ್ಕರರೂ ಸೆರೆಯಲ್ಲಿದ್ದದ್ದು ಅಲ್ಲೇ. ಇಂದು ಅಲ್ಲಿರುವ ಮಕ್ಕಳ ವೀಕ್ಷಣಾಲಯ ಕಾನೂನಿನ ಪ್ರಕಾರ ಜೈಲಲ್ಲ. ಆದರೂ ಜನರ ಮನಸ್ಸಿನಿಂದ ಆ ಹೆಸರು ಅಳಿಸಿಲ್ಲ.

2015ರ ಬಾಲ ನ್ಯಾಯ ಕಾಯ್ದೆಯಂತೆ 18 ತುಂಬದ ಹುಡುಗನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಹಾಗೂ ಇಬ್ಬರು ಸಮಾಜ ಸೇವಕರಿದ್ದು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು.

ಹುಡುಗನ ಮಟ್ಟಿಗೆ ಮುಖ್ಯ ವ್ಯಕ್ತಿ ಪ್ರೊಬೇಷನ್ ಅಧಿಕಾರಿ. ಮನೆ, ಶಾಲೆ, ಸ್ನೇಹಿತರು, ದುಶ್ಚಟ ಎಲ್ಲವನ್ನೂ ವಿಚಾರಿಸಿ 15 ದಿನಗಳೊಳಗೆ ಅವರು ಮಂಡಳಿಗೆ ವರದಿ ಕೊಡಬೇಕು. ತೊಡಕು ಇರುವುದು ಇಲ್ಲೇ. ಮನಬಿಚ್ಚಿ ಮಾತನಾಡು ಎನ್ನುವವರೂ ಅವರೇ, ಮಂಡಳಿಗೆ ಬರೆದು ಕಳಿಸುವವರೂ ಅವರೇ. ಪೊಲೀಸರನ್ನು ಕಂಡು ಬೆದರಿದ ಹುಡುಗ ಅವರನ್ನೂ ಪೊಲೀಸರೆಂದೇ ತಿಳಿದರೆ ಆಶ್ಚರ್ಯವಿಲ್ಲ. ಆದ್ದರಿಂದ ವರದಿಯಲ್ಲಿ ಏನು ಬರೆಯಬೇಕಾಗುತ್ತದೆ ಎಂಬುದನ್ನು ಮೊದಲ ದಿನವೇ ಹುಡುಗನಿಗೆ ತಿಳಿಸುವುದು, ಹೇಳಿದ ದಿನ ತಪ್ಪದೆ ಭೇಟಿಗೆ ಬರುವುದು ಬಹಳ ಮುಖ್ಯ. ಮಾತು ಕೊಟ್ಟು ತಪ್ಪಿದ ಹಿರಿಯರನ್ನೇ ಕಂಡವನಿಗೆ ಇದು ದೊಡ್ಡ ಸಂಗತಿ. ನಡುವೆ ಅಧಿಕಾರಿಗೆ ವರ್ಗವಾದರೆ ಹುಡುಗ ಮತ್ತೊಬ್ಬರ ಮುಂದೆ ಮೊದಲಿನಿಂದ ಕಥೆ ಹೇಳಬೇಕು.

ತಂದೆ-ತಾಯಿಯ ಪಾತ್ರವೂ ಸಣ್ಣದಲ್ಲ. ಮರ್ಯಾದೆಗೆ ಅಂಜಿ ಮನೆಯ ಕುಡಿತ, ಜಗಳ, ಸಾಲವನ್ನು ಮುಚ್ಚಿಟ್ಟರೆ ಹುಡುಗನಿಗೆ ತಕ್ಕ ನೆರವು ಸಿಗುವುದಿಲ್ಲ. ವರದಿಯನ್ನು ಗೌಪ್ಯವಾಗಿಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಹುಡುಗನ ಹೆಸರು, ಫೋಟೋ ಪ್ರಕಟಿಸುವುದೂ ಅಪರಾಧ.

ತಪ್ಪು ತಪ್ಪೇ, ನೊಂದವರ ನೋವನ್ನು ಯಾರೂ ಅಲ್ಲಗಳೆಯಲಾರರು. 16 ದಾಟಿದವನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ದೊಡ್ಡವರಂತೆ ವಿಚಾರಣೆ ನಡೆಸಲೂ ಅವಕಾಶವಿದೆ. ಉಳಿದವರನ್ನು ಮಂಡಳಿಯು ಸನ್ನಡತೆಯ ಮೇಲೆ ಹೆತ್ತವರ ವಶಕ್ಕೆ ಒಪ್ಪಿಸಬಹುದು, ಇಲ್ಲವೇ ಗರಿಷ್ಠ 3 ವರ್ಷ ವಿಶೇಷ ಗೃಹದಲ್ಲಿರಿಸಬಹುದು. ಅಂಥವರಿಗೆ ಹಳೆಯ ಪ್ರಕರಣ ಮುಂದೆ ನೌಕರಿಗೆ ಅಡ್ಡಿಯಾಗಬಾರದು ಎಂಬುದು ಕಾನೂನು.

ಆದರೆ ಕೆಲಸ ಕೊಡುವವರು ಕಾನೂನು ಪುಸ್ತಕ ನೋಡುವುದಿಲ್ಲ, ನೆರೆಯವರ ಮಾತು ಕೇಳುತ್ತಾರೆ. ಹೋಟೆಲಿನಲ್ಲಿ ದುಡಿಯುತ್ತಾ ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದ ಎಷ್ಟೋ ಮಂದಿ ಈ ಊರಿನ ನಮ್ಮ ಸಮಾಜದಲ್ಲಿದ್ದಾರೆ. ಅವರ ಕೈ ಹಿಡಿದವರೂ ಯಾರೋ ಒಬ್ಬ ಹಿರಿಯರೇ. ಅಧಿಕಾರಿಯ ಕೆಲಸ ಒಂದು ದಿನ ಮುಗಿಯುತ್ತದೆ. ಮುಂದಿನ ಹೊಣೆ ಸಂಘ-ಸಂಸ್ಥೆಗಳದ್ದು, ಉದ್ಯಮಿಗಳದ್ದು. 18 ತುಂಬಿ ಹೊರಬಂದ ಹುಡುಗನಿಗೆ ಒಂದು ಕಸುಬು ಕಲಿಸಿ, ಸಂಬಳದ ಕೆಲಸ ಕೊಟ್ಟರೆ ಅದಕ್ಕಿಂತ ದೊಡ್ಡ ಸಮಾಜ ಸೇವೆ ಬೇರೆ ಬೇಕಿಲ್ಲ.