ಬಾಟಲಿ ಹಾಲಿನ ಕುರಿಮರಿ

ನಮ್ಮ ಮನೆಗೆ ಬಂದ ಮೊದಲ ನಾಯಿಮರಿ ಹನ್ನೊಂದು ದಿನ ಬದುಕಿತು. ಎರಡನೆಯದು ಹನ್ನೊಂದು ವರ್ಷ ಬದುಕಿತು, ಅಷ್ಟೂ ವರ್ಷ ಹೆದರಿಕೊಂಡೇ ಬದುಕಿತು. ಎರಡಕ್ಕೂ ಹೊಣೆ ನಾನೇ. ಅದು ಹೇಗೆಂದು ತಿಳಿದದ್ದು ಬಹಳ ತಡವಾಗಿ, ಅದೂ ಒಂದು ಕುರಿಮರಿಯ ಕತೆ ಓದಿದ ಮೇಲೆ.

ನಮ್ಮೂರು ಅಗಡಿಯಲ್ಲಿ ನಾನು ಹುಡುಗನಾಗಿದ್ದಾಗ ನಾಯಿಯನ್ನು ಯಾರೂ 'ಸಾಕುತ್ತಿರಲಿಲ್ಲ'. ನಾಯಿ ಓಣಿಯದು. ಮೂರು ಮನೆಯ ರೊಟ್ಟಿ, ನಾಲ್ಕನೆಯ ಮನೆಯ ಕಟ್ಟೆಯ ಮೇಲೆ ನಿದ್ದೆ. ಹತ್ತಿರದ ದೇವರಗುಡ್ಡದಲ್ಲಿ ಮಾಲತೇಶ ದೇವರ ಭಕ್ತರಾದ ಗೊರವರು ದೋಣಿ ಎಂಬ ಪಾತ್ರೆಯೊಳಗಿನ ಹಾಲು ಬಾಳೆಹಣ್ಣನ್ನು ನಾಯಿಗಳಂತೆ ಬೊಗಳುತ್ತ, ಕೈ ಮುಟ್ಟಿಸದೆ ಬಾಯಿಂದಲೇ ತಿನ್ನುತ್ತಾರೆ. ನಾಯಿಗೆ ದೇವರ ಪರಿವಾರದಲ್ಲೇ ಜಾಗ ಕೊಟ್ಟ ಸೀಮೆ ನಮ್ಮದು. ಆದರೆ ಕೊರಳಿಗೆ ಪಟ್ಟಿ, ತಿನ್ನಲು ಚೀಲದ ಕಾಳು, ವರ್ಷಕ್ಕಿಷ್ಟು ಇಂಜೆಕ್ಷನ್ ಎಂಬ ಸಂಸಾರ ಶುರುವಾದದ್ದು ಹುಬ್ಬಳ್ಳಿ, ಬೆಂಗಳೂರಿನ ನೌಕರಿಯವರು ಊರಿಗೆ 'ಜಾತಿ ನಾಯಿ' ತರತೊಡಗಿದ ಮೇಲೆ. ನಾನೂ ಆ ಗಾಳಿಗೆ ಬಿದ್ದೆ.

ಮೊದಲ ಮರಿಯನ್ನು ಮಾರಿದವನು "ಎರಡು ತಿಂಗಳು ತುಂಬೈತ್ರಿ, ಒಂದ್ ಸೂಜಿನೂ ಆಗೈತಿ" ಅಂದ. ನಂಬಿದೆ. ಎಂಟನೆಯ ದಿನ ವಾಂತಿ, ಒಂಬತ್ತನೆಯ ದಿನ ರಕ್ತಭೇದಿ. ಪಶುವೈದ್ಯರು ಕೇಳಿದ ಮೊದಲ ಪ್ರಶ್ನೆ, "ಯಾವತ್ತು ಹುಟ್ಟಿದ್ದು?" ನನಗೆ ಗೊತ್ತಿರಲಿಲ್ಲ. ಎರಡನೆಯದು, "ತಾಯಿಗೆ ಲಸಿಕೆ ಆಗಿತ್ತಾ?" ತಾಯಿಯನ್ನು ನಾನು ನೋಡಿಯೇ ಇರಲಿಲ್ಲ. ಪಾರ್ವೋ ಎಂಬ ರೋಗದ ಹೆಸರನ್ನು ಆವತ್ತೇ ಮೊದಲು ಕೇಳಿದ್ದು. ಸೂಜಿ ಆಗಿದ್ದ ಮರಿ ಸತ್ತದ್ದು ಹೇಗೆ ಎಂಬ ಪ್ರಶ್ನೆ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಬೆಂಕಿ ಮುಟ್ಟಿದವನು ಬೂದಿಗೂ ಅಂಜುತ್ತಾನೆ. ಎರಡನೆಯ ಮರಿ ಕರಿಯನನ್ನು ಮೂರೂ ಸೂಜಿ ಮುಗಿಯುವ ತನಕ ಕಾಂಪೌಂಡಿನಾಚೆ ಬಿಡಲಿಲ್ಲ. ಬಂದವರಿಗೆ ಮುಟ್ಟಲು ಕೊಡಲಿಲ್ಲ, ಬೇರೆ ನಾಯಿಯ ನೆರಳು ಬೀಳಗೊಡಲಿಲ್ಲ. ನಾಲ್ಕು ತಿಂಗಳು ತುಂಬಿದ ಮೇಲೆ ಹಗ್ಗ ಹಿಡಿದು ಹೊರಗೆ ಕರೆದೊಯ್ದರೆ, ಹಾವೇರಿ ಬಸ್ಸಿನ ಹಾರ್ನಿಗೆ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಪಟಗ ಸುತ್ತಿದ ಮುದುಕರನ್ನು ಕಂಡರೆ ನಡುಕ, ಓಡುವ ಮಕ್ಕಳನ್ನು ಕಂಡರೆ ಹಲ್ಲು. ಮೆಣಸಿನಕಾಯಿ ಚೀಲಗಳ ಹಿಂದಿನ ಕತ್ತಲೆಯೇ ಅದಕ್ಕೆ ಊರು, ಕೇರಿ, ಜಗತ್ತು. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ಹಟ್ಟಿ ಹಾಕಿಸಿದ್ದೆವು. ಆ ಹಟ್ಟಿಯ ಕುರುಬ ಅಜ್ಜ ಕರಿಯನನ್ನು ಒಂದು ಗಳಿಗೆ ನೋಡಿ, "ಇದು ಎಳೇದಿದ್ದಾಗ ನೀವು ಏನೂ ತೋರ್ಸಿಲ್ಲ" ಅಂದುಬಿಟ್ಟ. ಅವನ ನಾಯಿಗಳು ಕಣ್ಣು ಬಿಡುವಾಗಲೇ ಕುರಿಗಳ ಕಾಲ ಸಂದಿಯಲ್ಲಿರುತ್ತವೆ.

ಗಳಗನಾಥರು ಸಂಪಾದಿಸಿದ 'ಸದ್ಬೋಧ ಚಂದ್ರಿಕೆ' ಪತ್ರಿಕೆ ಹೊರಡುತ್ತಿದ್ದುದು ನಮ್ಮೂರಿನ ಆನಂದವನದಿಂದ, ಓದುವ ಚಟ ಈ ಮಣ್ಣಿನದೇ ಎಂದು ಕೊಚ್ಚಿಕೊಳ್ಳುವವನು ನಾನು. ನಾಯಿಯ ವಿಷಯದಲ್ಲಿ ಮಾತ್ರ ಮೊದಲು ತಂದು ಆಮೇಲೆ ಓದಿದೆ.

ಓದಿದಾಗ ಸಿಕ್ಕಿದ್ದು ಜಾನ್ ಪಾಲ್ ಸ್ಕಾಟ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞನ ಕತೆ. 1940ರ ದಶಕದ ಮೊದಲ ವರ್ಷಗಳಲ್ಲಿ ಅವರು ಇಂಡಿಯಾನಾದ ವಾಬಾಷ್ ಕಾಲೇಜಿನಲ್ಲಿ ಪಾಠ ಹೇಳುತ್ತ ಒಂದು ಸಣ್ಣ ಕುರಿಹಿಂಡಿನ ನಡವಳಿಕೆಯನ್ನು ಗಮನಿಸುತ್ತಿದ್ದರು. ಹುಟ್ಟಿದೊಡನೆ ತಾಯಿಯಿಂದ ಬಿಡಿಸಿದ ಒಂದು ಹೆಣ್ಣು ಕುರಿಮರಿಯನ್ನು ಯಾರೋ ಅವರಿಗೆ ಕೊಟ್ಟರು, ಅವರೂ ಹೆಂಡತಿಯೂ ಅದಕ್ಕೆ ಹತ್ತು ದಿನ ಬಾಟಲಿ ಹಾಲು ಕುಡಿಸಿದರು. ಹತ್ತೇ ದಿನ. ಆಮೇಲೆ ಹಿಂಡಿಗೆ ಬಿಟ್ಟರು. ಮರಿ ಹಾಲು ಕೊಟ್ಟವರ ಹಿಂದೆ ಓಡಿ ಬಂತು, ಅದರಲ್ಲಿ ಸೋಜಿಗವಿಲ್ಲ. ಆದರೆ ಅದು ಕುರಿಗಳ ಜೊತೆ ಸೇರಲಿಲ್ಲ. ಮೂರು ವರ್ಷ ಕಳೆದರೂ ಹಿಂಡು ಒಂದು ಕಡೆ, ಅದು ಇನ್ನೊಂದು ಕಡೆ ಒಂಟಿಯಾಗಿ ಮೇಯುತ್ತಿತ್ತು. ಅದಕ್ಕೇ ಮರಿಗಳಾದಾಗ ಹಾಲು ಕುಡಿಯಗೊಟ್ಟಿತು, ಆದರೆ ಅವು ಹಿಂಡಿನ ಹಿಂದೆ ಹೊರಟುಹೋದರೆ ತಲೆಯೆತ್ತಿಯೂ ನೋಡಲಿಲ್ಲ. ಮೂರು ವರ್ಷ ಹಿಂಡಿನ ನಡುವೆ ಇದ್ದರೂ ಆ ಹತ್ತು ದಿನ ಅಳಿಸಿಹೋಗಲಿಲ್ಲ.

ಈ ಕುರಿಯನ್ನು ನಮ್ಮ ಕುರುಬ ಅಜ್ಜನಿಗೆ ತೋರಿಸಿದ್ದರೆ ಅವನು ಬೆರಗಾಗುತ್ತಿರಲಿಲ್ಲ. ಸ್ಕಾಟ್ ಬೆರಗಾದರು, ಅದರ ಬೆನ್ನು ಹತ್ತಿದರು. 1945ರಲ್ಲಿ ಅವರು ಮೇನ್ ರಾಜ್ಯದ ಬಾರ್ ಹಾರ್ಬರ್ ಎಂಬ ಕಡಲೂರಿನ ಜಾಕ್ಸನ್ ಪ್ರಯೋಗಾಲಯಕ್ಕೆ ಹೋದರು. ಅದು ಇಲಿಗಳಿಗೆ ಹೆಸರಾದ ಜಾಗ. ಅಲ್ಲಿ ಸ್ಕಾಟ್ ಮತ್ತು ಜಾನ್ ಫುಲ್ಲರ್ ರಾಕ್‌ಫೆಲ್ಲರ್ ಪ್ರತಿಷ್ಠಾನದ ಹಣದಿಂದ ನಾಯಿಗಳ ದೊಡ್ಡ ಅಧ್ಯಯನ ಕಟ್ಟಿದರು. ಬಸೆಂಜಿ, ಬೀಗಲ್, ಕಾಕರ್ ಸ್ಪ್ಯಾನಿಯಲ್, ಶೆಟ್‌ಲ್ಯಾಂಡ್ ಶೀಪ್‌ಡಾಗ್, ಫಾಕ್ಸ್ ಟೆರಿಯರ್ ಎಂಬ ಐದು ತಳಿಗಳು. ಅವರು ಹುಡುಕಲು ಹೊರಟದ್ದು ಸ್ವಭಾವದಲ್ಲಿ ರಕ್ತದ ಪಾಲೆಷ್ಟು ಎಂಬುದನ್ನು. ದಿನ ದಿನವೂ ಮರಿಗಳನ್ನು ನೋಡಿ ಬರೆದಿಡುವಾಗ ಕಂಡದ್ದು ಬೇರೆಯೇ. ಮೂರನೆಯ ವಾರ ಬಂದಂತೆ ಕಿವಿ ತೆರೆಯುತ್ತದೆ, ನಡಿಗೆ ಬರುತ್ತದೆ, ಬಾಲ ಅಲ್ಲಾಡುತ್ತದೆ. ಅಲ್ಲಿಂದ ಕೆಲವು ವಾರ ಮರಿ ಹೊಸದರ ಕಡೆ ತಾನಾಗಿ ನಡೆದು ಬರುತ್ತದೆ. ದಿನ ಕಳೆದಂತೆ ಹೊಸದರ ಅಂಜಿಕೆ ಬೆಳೆದು, ಕೊನೆಗೆ ಕುತೂಹಲವನ್ನು ನುಂಗಿಬಿಡುತ್ತದೆ.

ಈ ಬಾಗಿಲು ಎಂದು ಮುಚ್ಚುತ್ತದೆ? ಅದನ್ನು ಕಂಡುಹಿಡಿದವರು ಅಲ್ಲಿಯೇ ಇದ್ದ ಡೇನಿಯಲ್ ಫ್ರೀಡ್‌ಮನ್, ಜಾನ್ ಕಿಂಗ್, ಆರ್ವಿಲ್ ಎಲಿಯಟ್. ಎತ್ತರದ ಹಲಗೆ ಬೇಲಿಯೊಳಗಿನ ಬಯಲಿನಲ್ಲಿ ಎಂಟು ಸೂಲಿನ ಮರಿಗಳನ್ನು ಮನುಷ್ಯರ ಮುಖವನ್ನೇ ತೋರಿಸದೆ ತಾಯಂದಿರ ಜೊತೆ ಬೆಳೆಸಿದರು. ಕೆಲವನ್ನು ಎರಡನೆಯ ವಾರ, ಕೆಲವನ್ನು ಮೂರು, ಐದು, ಏಳು, ಒಂಬತ್ತನೆಯ ವಾರ ಒಳಗೆ ತಂದು, ಒಂದೇ ಒಂದು ವಾರ ದಿನಕ್ಕೆ ಸುಮಾರು ಒಂದೂವರೆ ತಾಸು ಆಡಿಸಿ ಮತ್ತೆ ಬಯಲಿಗೆ ಬಿಟ್ಟರು. ಐದು ಮರಿಗಳನ್ನು ಹದಿನಾಲ್ಕು ವಾರ ಮುಟ್ಟಲೇ ಇಲ್ಲ. ಆ ಐದು ಮರಿಗಳು ಕಾಡುಪ್ರಾಣಿಗಳಂತಾದವು, ಮನುಷ್ಯರ ಹತ್ತಿರ ಸುಳಿಯಲಿಲ್ಲ. ಅವುಗಳಲ್ಲಿ ಒಂದನ್ನು ಮುಂದೆ ಮೂರು ತಿಂಗಳು ಮುದ್ದು ಮಾಡಿ ಒಲಿಸಲು ನೋಡಿದರೂ ಅದು ಬದಲಾದದ್ದು ಅಷ್ಟಕ್ಕಷ್ಟೆ. ಹೊತ್ತಿಗೆ ಸರಿಯಾಗಿ ಸಿಕ್ಕ ಒಂದು ವಾರ ಕೊಟ್ಟದ್ದನ್ನು ಹೊತ್ತು ಮೀರಿದ ಮೂರು ತಿಂಗಳು ಕೊಡಲಿಲ್ಲ. 1961ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಫಲಿತಾಂಶ ಬಂತು. ಮುಂದಿನ ವರ್ಷ ಸ್ಕಾಟ್ ಅದೇ ಪತ್ರಿಕೆಯಲ್ಲಿ ಬಾಟಲಿ ಹಾಲಿನ ಕುರಿಯ ಕತೆಯನ್ನೂ ಹೇಳಿದರು. ಮನುಷ್ಯರ ಮುಖ ತೋರಿಸದ ಪ್ರಯೋಗ ಕ್ರೂರವೆನಿಸಬಹುದು. ನಾನು ಅದನ್ನೇ ಮನೆಯಲ್ಲಿ, ಪ್ರೀತಿಯ ಹೆಸರಿನಲ್ಲಿ ಮಾಡಿದ್ದೆ.

ಹಾಗಾದರೆ ಮೊದಲ ಮರಿಯ ಸಾವು? ಅದರ ಉತ್ತರ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿತ್ತು, ಪಾರ್ವೋ ಹುಟ್ಟುವುದಕ್ಕೂ ಮೊದಲೇ. ಅಲ್ಲಿ ಜೇಮ್ಸ್ ಬೇಕರ್ ಮತ್ತು ಸಂಗಡಿಗರು ಡಿಸ್ಟೆಂಪರ್ ಎಂಬ ನಾಯಿರೋಗದ ಲಸಿಕೆ ಹಾಕಿದ ಎಷ್ಟೋ ಮರಿಗಳಿಗೆ ಅದು ಯಾಕೆ ಹತ್ತುವುದಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದರು. ತಪ್ಪು ಲಸಿಕೆಯದಲ್ಲ, ತಾಯಿಯ ಗಿಣ್ಣದ ಹಾಲಿನದು ಎಂದು ತಿಳಿಯಿತು. ತಾಯಿ ತನ್ನ ಪ್ರತಿಕಾಯಗಳನ್ನು ಮೊದಲ ಹಾಲಿನಲ್ಲಿ ತವರಿನ ಬುತ್ತಿಯಂತೆ ಕಟ್ಟಿ ಕೊಡುತ್ತಾಳೆ. ಆ ಬುತ್ತಿ ಎಂಟು ಹತ್ತು ದಿನಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಅದು ಇರುವ ತನಕ ರೋಗವನ್ನೂ ತಡೆಯುತ್ತದೆ, ಲಸಿಕೆಯನ್ನೂ ತಡೆಯುತ್ತದೆ. ಕಳ್ಳ ಯಾರು, ನೆಂಟ ಯಾರು ಎಂದು ಅದಕ್ಕೆ ತಿಳಿಯದು. ತಾಯಿಯ ರಕ್ತ ಪರೀಕ್ಷಿಸಿ ಮರಿಗೆ ಯಾವ ದಿನ ಲಸಿಕೆ ಹತ್ತುತ್ತದೆಂದು ಹೇಳುವ ರೇಖಾಚಿತ್ರವನ್ನು ಅವರು 1959ರಲ್ಲಿ ಪ್ರಕಟಿಸಿದರು.

1978ರಲ್ಲಿ ಲೋಕದ ಹಲವು ಮೂಲೆಗಳಲ್ಲಿ ನಾಯಿಮರಿಗಳು ರಕ್ತಭೇದಿಯಿಂದ ಸಾಲುಸಾಲಾಗಿ ಸತ್ತವು. ಅದೇ ಪಾರ್ವೋ, ನಾಯಿಗಳಿಗೇ ಹೊಸದಾದ ರೋಗ. ಕಾರ್ನೆಲ್‌ನ ಲೆಲೆಂಡ್ ಕಾರ್ಮೈಕಲ್ ಮತ್ತು ಮ್ಯಾಕ್ಸ್ ಆಪೆಲ್ ಇದರ ಬೆನ್ನು ಹತ್ತಿದರು. ವೈರಸ್ ಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯಾ ವೈರಸ್ಸಿನ ಹತ್ತಿರದ ಸಂಬಂಧಿ. ಆದ್ದರಿಂದ ಮೊದಮೊದಲು ಬೆಕ್ಕಿನ ಲಸಿಕೆಯನ್ನೇ ನಾಯಿಗೆ ಚುಚ್ಚಿ ಕಾಪಾಡಿದರು. ಫ್ರೀಜರಿನಲ್ಲಿ ಉಳಿದಿದ್ದ ಹಳೆಯ ನಾಯಿರಕ್ತ ತೆಗೆದು ನೋಡಿದಾಗ ಯುರೋಪಿನಲ್ಲಿ ಎಪ್ಪತ್ತರ ದಶಕದ ನಡುವಿನಲ್ಲೇ ಇದರ ಗುರುತು ಸಿಕ್ಕಿತು. ಹೊರಕವಚದ ಕೆಲವೇ ಅಮೈನೋ ಆಮ್ಲಗಳು ಬದಲಾಗಿದ್ದರಿಂದ ನಾಯಿಯ ಜೀವಕೋಶದ ಬಾಗಿಲು ಅದಕ್ಕೆ ತೆರೆದುಕೊಂಡಿತೆಂದು ಕಾಲಿನ್ ಪ್ಯಾರಿಶ್ ಮುಂತಾದವರು ಆಮೇಲೆ ಬಿಡಿಸಿದರು. ಎಂಬತ್ತರ ದಶಕದ ಆರಂಭದಲ್ಲಿ ಅದು ಮದ್ರಾಸಿನಲ್ಲಿ ವರದಿಯಾಯಿತು.

ನನ್ನ ಮುಳ್ಳು ಕಿತ್ತದ್ದು 1982ರ ಒಂದು ಲೇಖನ, ಪೊಲಾಕ್ ಮತ್ತು ಕಾರ್ಮೈಕಲ್ ಅವರದು. ತವರಿನ ಬುತ್ತಿ ತಳ ಕಾಣುವ ಹೊತ್ತಿಗೆ ಕೆಲವು ವಾರ ಹೀಗಿರುತ್ತವೆ: ಉಳಿದ ಪ್ರತಿಕಾಯ ರೋಗವನ್ನು ತಡೆಯಲು ಸಾಲದು, ಲಸಿಕೆಯನ್ನು ಕೆಡಿಸಲು ಸಾಕು. ಆ ವಾರಗಳು ಒಂದೊಂದು ಮರಿಗೆ ಒಂದೊಂದು ಹೊತ್ತಿಗೆ ಬರುತ್ತವೆ. ಒಂದೇ ಸೂಲಿನ ಮರಿಗಳಲ್ಲೂ, ಹೆಚ್ಚು ಗಿಣ್ಣ ಕುಡಿದದ್ದಕ್ಕೆ ತಡವಾಗಿ, ಕಡಿಮೆ ಕುಡಿದದ್ದಕ್ಕೆ ಬೇಗ. ಆದ್ದರಿಂದಲೇ ಆರರಿಂದ ಎಂಟನೆಯ ವಾರಕ್ಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವ ತನಕ ಸೂಜಿ. ಎರಡನೆಯ, ಮೂರನೆಯ ಸೂಜಿಗೆ ಎಲ್ಲರೂ 'ಬೂಸ್ಟರ್' ಅನ್ನುತ್ತಾರೆ, ನಾನೂ ಅನ್ನುತ್ತಿದ್ದೆ. ಎಷ್ಟೋ ಮರಿಗಳ ಪಾಲಿಗೆ ಕೊನೆಯದೇ ಮೊದಲ ಲಸಿಕೆ. ಹಿಂದಿನವು ಬಾಗಿಲು ತಟ್ಟಿ ವಾಪಸು ಹೋದವು, ಅಷ್ಟೆ.

ಈಗ ಎರಡು ಲೆಕ್ಕವನ್ನೂ ಪಕ್ಕ ಪಕ್ಕ ಇಡಿ. ಮನಸ್ಸಿನ ಬಾಗಿಲು ಮೂರನೆಯ ವಾರ ತೆರೆದು ಹನ್ನೆರಡರಿಂದ ಹದಿನಾಲ್ಕನೆಯ ವಾರದೊಳಗೆ ಮುಚ್ಚುತ್ತದೆ. ಮೈಗೆ ಕಾಪು ಸಿಗುವುದು ಹದಿನಾರನೆಯ ವಾರಕ್ಕೆ. ಮೈ ಕಾಯುತ್ತ ಕೂತರೆ ಮನಸ್ಸು ಹೋಯಿತು, ಮನಸ್ಸಿನ ಹಿಂದೆ ಹೋದರೆ ಜೀವವೇ ಹೋಯಿತು. ನಾನು ಒಂದೊಂದು ಮರಿಗೆ ಒಂದೊಂದು ತಪ್ಪು ಹಂಚಿದ್ದೆ.

ಅಮೆರಿಕದ ಪಶುವೈದ್ಯರ ಪ್ರಾಣಿ ನಡವಳಿಕೆ ಸಂಘ 2008ರಲ್ಲಿ ಇದಕ್ಕೊಂದು ತೀರ್ಮಾನ ಹೇಳಿತು: ಎಲ್ಲ ಸೂಜಿ ಮುಗಿಯುವ ತನಕ ಕಾಯಬೇಡಿ, ಮೊದಲ ಸೂಜಿಯಾಗಿ ಒಂದು ವಾರ ಕಳೆದ ಮೇಲೆ ಎಚ್ಚರದಿಂದ ಜಗತ್ತು ತೋರಿಸಿ. ಅಗಡಿಯಲ್ಲಿ ಇದನ್ನು ಮಾಡುವುದು ಹೇಗೆ? ಮೂರನೆಯ ಮರಿ ಚೆನ್ನಿಯನ್ನು ನೆಲಕ್ಕೆ ಬಿಡದೆ ಬುಟ್ಟಿಯಲ್ಲಿಟ್ಟುಕೊಂಡು ಊರೆಲ್ಲ ತಿರುಗಿದೆ. ಬಸ್ ಸ್ಟ್ಯಾಂಡಿನಲ್ಲಿ ಅರ್ಧ ತಾಸು, ಹಿಟ್ಟಿನ ಗಿರಣಿಯ ಸದ್ದು, ಬ್ಯಾಡಗಿ ಮಾರುಕಟ್ಟೆಯ ಘಾಟು, ಪಟಗದ ಅಜ್ಜಂದಿರ ತೊಡೆ, ಶಾಲೆ ಬಿಟ್ಟ ಮಕ್ಕಳ ಕೈ. ಬೀದಿನಾಯಿ ಉಚ್ಚೆ ಹೊಯ್ಯುವ ಕಂಬದ ಬುಡಕ್ಕಂತೂ ಇಳಿಸಲೇ ಇಲ್ಲ. ಪಾರ್ವೋ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲಿಗೆ ಜಗ್ಗುವುದಿಲ್ಲ, ಬ್ಲೀಚಿಗೆ ಸಾಯುತ್ತದೆ. ಮೊದಲ ಮರಿ ಸತ್ತ ಅಂಗಳವನ್ನು ನಾನು ಅಂದು ಫಿನಾಯಿಲಿನಲ್ಲಿ ತೊಳೆದಿದ್ದೆ. ಚೆನ್ನಿಯ ಬುಟ್ಟಿ ಕಂಡು ಜನ ನಕ್ಕರು. "ಏನ್ರೀ, ನಾಯಿನ ಕಾಯಿಪಲ್ಲೆ ಮಾಡ್ಕೊಂಡೀರಿ" ಅಂದವರೂ ಇದ್ದರು.

ಹನ್ನೆರಡನೆಯ ವಾರಕ್ಕೆ ರೇಬೀಸ್ ಸೂಜಿ. ಅದರಲ್ಲಿ ಯಾವ ಚೌಕಾಸಿಯೂ ಬೇಡ. ಕರ್ನಾಟಕ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿದೆ. ಮನೆಯ ಮರಿಯ ಹಲ್ಲು ತಾಗಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿ. ಸುಣ್ಣ, ಕಾರದ ಪುಡಿ ಹಚ್ಚುವವರ ಮಾತು ಕೇಳಬೇಡಿ.

ಚೆನ್ನಿಗೆ ಈಗ ಆರು ವರ್ಷ. ಬಸ್ಸು ಬಂದರೆ ಬಾಗಿಲಲ್ಲಿ ನಿಂತು ಇಳಿಯುವವರನ್ನು ಎಣಿಸುವಂತೆ ನೋಡುತ್ತಾಳೆ. ನೀವು ಮರಿ ತರುವವರಿದ್ದರೆ ಬಣ್ಣ, ಕಿವಿ, ಬಾಲ ಆಮೇಲೆ ನೋಡಿ. ಮೊದಲು ಅದರ ತಾಯಿಯನ್ನು ನೋಡಿ, ಹುಟ್ಟಿದ ತಾರೀಕು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.