ಆಟಿಯ ಮಳೆಯಲ್ಲೂ ಒಣಗುವ ಹಲಗೆ

ಮಳೆಗಾಲದಲ್ಲಿ ಹೊಸ ಬಾಗಿಲು ಕೂರಿಸಿದವರಿಗೆ ಈ ಕಷ್ಟ ಗೊತ್ತಿದೆ. ಆಟಿಯಲ್ಲಿ ದಾರಂದಕ್ಕೆ ಸರಿಯಾಗಿ ಕೂತ ಬಾಗಿಲು ಮಾರ್ಚ್ ಬರುವಾಗ ಕುಗ್ಗುತ್ತದೆ, ಹಲಗೆಗಳ ಸಂದಿನಲ್ಲಿ ಬೆಳಕು ಕಾಣುತ್ತದೆ. ನಾವೆಲ್ಲ ಬಡಗಿಯನ್ನು ಬೈಯುತ್ತೇವೆ.

ನಮ್ಮ ಅಕ್ಕನ ಮಗ ಗಲ್ಫಿನಿಂದ ಬಂದು ಫರಂಗಿಪೇಟೆಯ ಹತ್ತಿರ ಮರದ ಕೆಲಸದ ಶೆಡ್ ಹಾಕಿದ್ದಾನೆ. ಎರಡು ವರ್ಷದ ಹಿಂದೆ ಒಂದು ಮನೆಗೆ ಹಲಸಿನ ಏಳು ಬಾಗಿಲು ಮಾಡಿಕೊಟ್ಟ. ಬೇಸಿಗೆಯಲ್ಲಿ ಐದು ಬಾಗಿದವು. ಮನೆಯವರು ಬಾಕಿ ಹಣ ಕೊಡಲಿಲ್ಲ, ಕೇಳುವ ಬಾಯಿ ಅವನಿಗೂ ಇರಲಿಲ್ಲ. "ಮಾಮ, ಮರ ಹಸಿ ಇದೆ ಅಂತ ನನಗೆ ಗೊತ್ತಿತ್ತು. ಅವರ ಮನೆ ಮದುವೆ ಹತ್ತಿರ ಬಂತು, ಕೊಟ್ಟುಬಿಟ್ಟೆ" ಎಂದ. ಆ ಮಾತು ಕೇಳಿದ ಮೇಲೆ ನಾವೂ ಅವನ ಜೊತೆ ಕೂತು ಒಣಗಿಸುವ ಕೋಣೆಯ ಲೆಕ್ಕ ಹಾಕಿದೆವು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಜುಲೈಯಲ್ಲಿ ಗಾಳಿಯ ತೇವಾಂಶ ಶೇ. 90ರ ಆಸುಪಾಸು. ಅಂಥ ಗಾಳಿಯಲ್ಲಿ ಹಲಗೆ ಎಷ್ಟು ದಿನ ಇಟ್ಟರೂ ಅದರೊಳಗೆ ಸುಮಾರು ಶೇ. 20 ನೀರು ಉಳಿಯುತ್ತದೆ. ಬಾಗಿಲಿಗೆ ಬೇಕಾದದ್ದು ಶೇ. 12ರ ಹತ್ತಿರ.

ಶೆಡ್ಡಿನ ಮೂಲೆಯಲ್ಲಿ 8 ಅಡಿ ಅಗಲ, 10 ಅಡಿ ಉದ್ದದ ಕೋಣೆ ಕಟ್ಟಿದ. ಶೀಟಿನ ಮಾಡಿನ ಕೆಳಗೆ ಇನ್ನೊಂದು ಮುಚ್ಚಿಗೆ, ನಡುವೆ ಗಾಜಿನ ಉಣ್ಣೆ. ಇಲ್ಲದಿದ್ದರೆ ಬಿಸಿಯೆಲ್ಲ ಮೇಲಕ್ಕೆ ಹೋಗುತ್ತದೆ. ಒಳಗೆ 2 ಕಿಲೋವ್ಯಾಟಿನ ಎಣ್ಣೆ ತುಂಬಿದ ಹೀಟರ್ ಇಟ್ಟು, ಸಂದುಗೊಂದು ಮುಚ್ಚಿ, ಬಾಗಿಲು ಹಾಕಿದ. ಮೂರನೇ ದಿನ ನಾವು ಹೋಗಿ ತೆರೆದರೆ ಗೋಡೆಯಲ್ಲಿ ನೀರಿನ ಹನಿ, ಹಲಗೆಯ ಮೇಲೆ ಬೂಸ್ಟು!

ತಪ್ಪು ಹೀಟರಿನದ್ದಲ್ಲ. ಮರದಿಂದ ಹೊರಬಂದ ನೀರಿಗೆ ಹೋಗಲು ದಾರಿ ಇರಲಿಲ್ಲ. ಹೊರಗಿನ ಮಳೆಗಾಳಿ ಒಳಗೆ ಬಂದರೆ ಕೆಟ್ಟಿತು ಎಂದು ಅವನು ಹೆದರಿದ್ದ. ಆದರೆ 25 ಡಿಗ್ರಿಯ, ಶೇ. 90 ತೇವದ ಗಾಳಿಯನ್ನೇ 35 ಡಿಗ್ರಿಗೆ ಬಿಸಿ ಮಾಡಿದರೆ ಅದರ ತೇವಾಂಶ ಶೇ. 50ರ ಹತ್ತಿರ ಇಳಿಯುತ್ತದೆ. ನೀರು ಅಷ್ಟೇ ಇರುತ್ತದೆ, ಆದರೆ ಬಿಸಿ ಗಾಳಿಗೆ ಇನ್ನಷ್ಟು ನೀರು ಹಿಡಿಯುವ ಶಕ್ತಿ ಬರುತ್ತದೆ. ಹಾಗಾಗಿ ಮಳೆಗಾಳಿಯೂ ಕೆಲಸಕ್ಕೆ ಬರುತ್ತದೆ.

ಹೀಟರಿನ ಬಳಿ ಗೋಡೆಯ ಕೆಳಗೆ ಗಾಳಿಗೆ ಒಂದು ಕಿಂಡಿ, ಎದುರು ಗೋಡೆಯ ಮೇಲೆ ಸಣ್ಣ ಎಕ್ಸಾಸ್ಟ್ ಫ್ಯಾನ್ ಕೂರಿಸಿದ. ಒಳಗೊಂದು ಮಾಮೂಲಿ ಫ್ಯಾನ್ ಸದಾ ತಿರುಗುತ್ತದೆ. ಗೋಡೆಯಲ್ಲಿ ತೇವಾಂಶ ತೋರಿಸುವ ಮೀಟರ್ ಇದೆ. ಶೇ. 55 ದಾಟಿದರೆ ಎಕ್ಸಾಸ್ಟ್ ಹಾಕುತ್ತಾನೆ. ಹಲಗೆಗಳ ನಡುವೆ ಮುಕ್ಕಾಲು ಇಂಚಿನ ರೀಪಿನ ತುಂಡು, ಒಂದರ ಮೇಲೊಂದು ನೇರಕ್ಕೆ. ಹಲಗೆಯ ತುದಿ ಒಡೆಯದಂತೆ ಅಲ್ಲಿಗೆ ಪೇಂಟ್.

ಒಣಗಿತೋ ಎಂದು ನೋಡಲು ಹಲಗೆಯಿಂದ ಒಂದು ತುಂಡು ಕೊಯ್ದು ತೂಗಬೇಕು. ಅದನ್ನು ಓವನ್ನಿನಲ್ಲಿ ನೂರು ಡಿಗ್ರಿಗಿಂತ ಸ್ವಲ್ಪ ಮೇಲೆ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಬೇಕು. 560 ಗ್ರಾಂ ಇದ್ದದ್ದು 500ಕ್ಕೆ ನಿಂತರೆ ನೀರು ಶೇ. 12.

ಎರಡು ಎಚ್ಚರ. ಈಗಷ್ಟೇ ಕೊಯ್ದ ಹಸಿ ಮರವನ್ನು ನೇರ ಒಳಗೆ ಹಾಕಬಾರದು, ಬಿರಿಯುತ್ತದೆ. ಮೊದಲು ನೆರಳಿನಲ್ಲಿ ಕೆಲವು ತಿಂಗಳು ಗಾಳಿಗೆ ಇಡಬೇಕು. ಇನ್ನೊಂದು, ಕರೆಂಟ್ ಬಿಲ್ಲಿಗೆ ಹೆದರಿ ಕೆಂಡದ ಒಲೆ ಇಡಲೇಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ವಿಷಗಾಳಿಗೆ ವಾಸನೆ ಇಲ್ಲ, ಹೊಕ್ಕವರು ಅಲ್ಲೇ ಬೀಳುತ್ತಾರೆ. ವಾರ್ನಿಶ್, ತಿನ್ನರ್ ಕೂಡ ಆ ಕೋಣೆಯ ಹತ್ತಿರ ಬೇಡ.

ಹೀಟರ್ ಹತ್ತು ಗಂಟೆ ಬಿಡದೆ ಉರಿದರೆ 20 ಯುನಿಟ್. ನೆರಳಿನಲ್ಲಿ ಒಣಗಿದ ಒಂದೂವರೆ ಇಂಚಿನ ಹಲಸಿನ ಹಲಗೆಗೆ ಅವನಿಗೆ ಸುಮಾರು ಮೂರು ವಾರ ಬೇಕಾಗುತ್ತದೆ. ಖರ್ಚು ಸಣ್ಣದಲ್ಲ. ಆದರೆ ಐದು ಬಾಗಿಲು ಪುನಃ ಮಾಡಿಕೊಟ್ಟ ಖರ್ಚಿನ ಮುಂದೆ ಅದು ದೊಡ್ಡದೂ ಅಲ್ಲ. ಹೌದು, ಆ ಐದನ್ನೂ ಕಳೆದ ಮಳೆಗಾಲ ಹೊಸದಾಗಿ ಮಾಡಿಕೊಟ್ಟ. ಈ ಎಪ್ರಿಲಿನಲ್ಲಿ ನಾವೇ ಹೋಗಿ ನೋಡಿದೆವು, ಸಂದು ಬಿಟ್ಟಿಲ್ಲ. ಬಾಕಿ ಹಣವನ್ನು ಮನೆಯವರೇ ಕರೆದು ಕೊಟ್ಟರು.

ಈಗ ಅವಸರದ ಗಿರಾಕಿ ಬಂದರೆ "ಮೂರು ವಾರ ಬೇಕು" ಎನ್ನುತ್ತಾನೆ. ಕೆಲವರು ಬೇರೆ ಕಡೆ ಹೋಗುತ್ತಾರೆ. ಮನೆ ಕಟ್ಟುವವರಲ್ಲಿ ನಮ್ಮದೊಂದು ಮಾತು: ಒಕ್ಕಲಿನ ದಿನ ಗೊತ್ತುಮಾಡುವ ಮೊದಲು ಬಡಗಿಯನ್ನೂ ಒಮ್ಮೆ ಕೇಳಿ.