ಬೀದರಕ್ಕೆ ರಾತ್ರಿ ಬಂದ ವಿಮಾನಗಳು

ಕಳೆದ ದಸರಾ ರಜೆಯಲ್ಲಿ ಮೊಮ್ಮಗನ ಜೊತೆ ಸೇಡಂನಿಂದ ಕಲಬುರಗಿಗೆ ಬಸ್ಸಿನಲ್ಲಿ ಹೊರಟಿದ್ದೆ. ಅದೇ ರಸ್ತೆಯಲ್ಲಿ ವಿಮಾನ ನಿಲ್ದಾಣ ಬರುತ್ತದೆ. ಶುರುವಾಗಿದ್ದು 2019ರ ನವೆಂಬರಿನಲ್ಲಿ. "ಮುತ್ಯಾ, ಮೊದಲ ನಮ್ಮ ಕಡೆ ವಿಮಾನ ಬರತಿದ್ದವೇನು?" ಎಂದು ಕೇಳಿದ. ನಾನು ಹುಟ್ಟುವ ಮೊದಲೇ ಬೀದರಕ್ಕೆ ಬರುತ್ತಿದ್ದವು, ಅದೂ ಕಳ್ಳರ ಹಾಗೆ ಕತ್ತಲಲ್ಲಿ ಎಂದೆ. ಬಸ್ಸು ಇಳಿಯುವ ತನಕ ಅವನು ಬಿಡಲಿಲ್ಲ. ಆ ಕಥೆ ನಿಮಗೂ ಹೇಳುತ್ತೇನೆ.

ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದವನಿದ್ದ. ಹುಟ್ಟಿದ್ದು 1894ರಲ್ಲಿ. ಮೊದಲ ಮಹಾಯುದ್ಧದಲ್ಲಿ ಪೈಲಟ್. ತೆರೆದ ವಿಮಾನದಲ್ಲಿ ಚಳಿ ತಡೆಯಲು 'ಸಿಡ್‌ಕಾಟ್' ಎಂಬ ಉಡುಪನ್ನು ಕಂಡುಹಿಡಿದವನು ಇವನೇ. ಎರಡನೆಯ ಯುದ್ಧದ ಹೊತ್ತಿಗೆ ಫೋಟೋ ಫಿಲ್ಮಿನ ವ್ಯಾಪಾರಿ. ಬ್ರಿಟನ್ನಿನ ಗುಪ್ತಚರರಿಗೆ ಇಂಥವನೇ ಬೇಕಿತ್ತು.

1939ರಲ್ಲಿ ಅವರು ಅವನ ಕೈಗೆ ಲಾಕ್‌ಹೀಡ್ 12ಎ ಎಂಬ ಚಿಕ್ಕ ಪ್ರಯಾಣಿಕ ವಿಮಾನ ಕೊಟ್ಟರು. ಎರಡು ಎಂಜಿನ್, ಆರು ಜನಕ್ಕೆ ಜಾಗ. ಕಾಟನ್ ಅದರ ಹೊಟ್ಟೆಯಲ್ಲಿ ಕ್ಯಾಮೆರಾಗಳನ್ನು ಅಡಗಿಸಿದ. ಗುಂಡಿ ಒತ್ತಿದರೆ ಕೆಳಗಿನ ಮುಚ್ಚಳ ಸರಿಯುತ್ತಿತ್ತು, ಇಲ್ಲದಿದ್ದರೆ ಅಲ್ಲಿ ರಂಧ್ರವಿದೆಯೆಂದೇ ಗೊತ್ತಾಗುತ್ತಿರಲಿಲ್ಲ. ಎತ್ತರದ ಚಳಿಗೆ ಕ್ಯಾಮೆರಾದ ಗಾಜಿಗೆ ಮಂಜು ಹಿಡಿಯಬೇಕಲ್ಲ? ವಿಮಾನದೊಳಗಿನ ಬಿಸಿಗಾಳಿ ಅದರ ಮೇಲೆಯೇ ಹರಿದು ಹೋಗುತ್ತಿದ್ದರಿಂದ ಚಿತ್ರ ಸ್ವಚ್ಛ ಬರುತ್ತಿತ್ತು. ವ್ಯಾಪಾರದ ನೆಪ ಹೇಳಿ ಜರ್ಮನಿಗೆ ಹೋದ, ಬಂದ, ಕೋಟೆಕೊತ್ತಲಗಳ ಚಿತ್ರ ತೆಗೆದ. ಜರ್ಮನ್ ಅಧಿಕಾರಿಗಳನ್ನೇ ಕೂರಿಸಿಕೊಂಡು ಹಾರಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ನಾನು ಬ್ಯಾಂಕಿನಲ್ಲಿದ್ದವನು, ಸ್ವಂತ ಬಾಯಿಯ ಲೆಕ್ಕವನ್ನು ಅರ್ಧಕ್ಕೇ ಹಿಡಿಯುತ್ತೇನೆ. ಆದರೆ ಚಿತ್ರಗಳಂತೂ ನಿಜ.

ಯುದ್ಧ ಮುಗಿಯಿತು. ಈಗ ಎರಡನೆಯ ವಿಮಾನದ ಕಥೆ. ಲಂಕಾಸ್ಟರ್ ಎಂಬುದು ನಾಲ್ಕು ಎಂಜಿನ್ನಿನ ದೊಡ್ಡ ಬಾಂಬರ್. ಅದರ ಬಂದೂಕಿನ ಗೂಡುಗಳನ್ನು ಕಿತ್ತು, ಮೂತಿ ಚೂಪು ಮಾಡಿ, ಒಳಗೆ ಕುರ್ಚಿ ಹಾಕಿ 'ಲಂಕಾಸ್ಟ್ರಿಯನ್' ಎಂದು ಹೆಸರಿಟ್ಟರು. 1945ರಿಂದ ಅದು ಇಂಗ್ಲೆಂಡಿನಿಂದ ಕರಾಚಿ, ಕೊಲಂಬೊ ಮೇಲೆ ಸುಮಾರು ಮೂರು ದಿನದಲ್ಲಿ ಸಿಡ್ನಿ ತಲುಪುತ್ತಿತ್ತು. ಅಷ್ಟು ದೊಡ್ಡ ವಿಮಾನದಲ್ಲಿ ಆ ದಾರಿಗೆ ಬರೀ ಒಂಬತ್ತು ಪ್ರಯಾಣಿಕರು! ಬಾಂಬ್ ಹೊರಲು ಕಟ್ಟಿದ ಮನೆಯಲ್ಲಿ ಸಂಸಾರ ಹೂಡಿದ ಹಾಗೆ.

1948. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮಗೆ ಬಂದಿರಲಿಲ್ಲ. ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಎಲ್ಲ ನಿಜಾಮನ ರಾಜ್ಯ. ಭಾರತ ಸರ್ಕಾರ ಗಡಿ ಬಿಗಿ ಮಾಡಿತ್ತು, ನಿಜಾಮನಿಗೆ ಶಸ್ತ್ರ ಬೇಕಿತ್ತು. ಒದಗಿಸಲು ಒಪ್ಪಿದವನು ಅದೇ ಕಾಟನ್. ಈ ಸಲ ಹಣಕ್ಕೆ. ಕೆಲವು ಲಂಕಾಸ್ಟ್ರಿಯನ್‌ಗಳಲ್ಲಿ ಬಂದೂಕು, ಮದ್ದುಗುಂಡು ತುಂಬಿ ಕರಾಚಿಯಿಂದ ಕತ್ತಲಲ್ಲಿ ಹೊರಟು ಬೀದರ, ವಾರಂಗಲ್‌ಗಳಲ್ಲಿ ಇಳಿಸುತ್ತಿದ್ದ. ಬಾಂಬರ್ ಪ್ರಯಾಣಿಕರದಾಗಿ, ಪ್ರಯಾಣಿಕರದು ಮತ್ತೆ ಯುದ್ಧದ್ದಾಯಿತು.

ಆಗ ನಮ್ಮ ಮನೆ ಚಿಂಚೋಳಿ ಕಡೆಯ ಹಳ್ಳಿಯಲ್ಲಿ. ರಜಾಕಾರರ ಹಾವಳಿಗೆ ಹೆದರಿ ನಮ್ಮ ಆಯಿ ಮಕ್ಕಳನ್ನು ಎತ್ತಿನ ಬಂಡಿಯಲ್ಲಿ ಸೇಡಂಗೆ ತಂದು ರೈಲು ಹತ್ತಿದ್ದಳು. ವಾಡಿಯಲ್ಲಿ ಇಳಿದು ಬೇರೆ ರೈಲು ಹಿಡಿದು ಶಹಾಬಾದ ದಾಟಿ ಸೋಲಾಪುರ ಸೇರಿದಳು. ಮುತ್ಯಾ ಮಾತ್ರ ಹೊಲ, ದನ ಬಿಟ್ಟು ಬರಲಿಲ್ಲ. "ಬೀದರದಾಗ ಆಕಾಶದಿಂದ ಬಂದೂಕು ಇಳ್ಯಾಕತ್ತಾವಂತ" ಎಂದು ಸೋಲಾಪುರದ ಸಂತೆಯಲ್ಲಿ ಯಾರಾದರೂ ಅಂದರೆ ಆಯಿಗೆ ಆ ರಾತ್ರಿ ಊಟ ಇಳಿಯುತ್ತಿರಲಿಲ್ಲ. ಬೀದರದಿಂದ ನಮ್ಮೂರು ಎಷ್ಟು ದೂರ ಎಂಬ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸೆಪ್ಟೆಂಬರ್ 13ಕ್ಕೆ ಪೊಲೀಸ್ ಕಾರ್ಯಾಚರಣೆ ಶುರು. ನಮ್ಮ ವಾಯುಪಡೆ ಬೀದರ, ವಾರಂಗಲ್ ನಿಲ್ದಾಣಗಳ ಮೇಲೆ ದಾಳಿ ಮಾಡಿತು. 17ಕ್ಕೆ ನಿಜಾಮ ಕೈಚೆಲ್ಲಿದ. ಆಯಿ ಹಿಂದಿರುಗಿದಾಗ ಎರಡು ಎತ್ತು ಇರಲಿಲ್ಲ, ಮುತ್ಯಾ ಇದ್ದ.

ಕಾಟನ್‌ಗೆ ಇಂಗ್ಲೆಂಡಿನ ಕೋರ್ಟು ಹಾಕಿದ ದಂಡ 200 ಪೌಂಡು! ಗಳಿಸಿದ್ದರ ಮುಂದೆ ಅದು ಚಹಾದ ಖರ್ಚು. ನನಗೆ ಇಂದಿಗೂ ಆ ಲೆಕ್ಕ ಹೊಂದುವುದಿಲ್ಲ.

ಬೀದರದ ಅದೇ ನಿಲ್ದಾಣ 1960ರ ದಶಕದಿಂದ ವಾಯುಪಡೆಯ ತರಬೇತಿ ಕೇಂದ್ರ. 1996ರಲ್ಲಿ ಸೂರ್ಯಕಿರಣ ತಂಡ ಹುಟ್ಟಿದ್ದೂ ಅಲ್ಲೇ. ನನಗೆ ಬೀದರ ಶಾಖೆಗೆ ವರ್ಗವಾದಾಗ ಆಯಿ ನನ್ನ ಜೊತೆ ಬಂದಿದ್ದಳು. ಮೊದಲ ದಿನ ತರಬೇತಿ ವಿಮಾನದ ಸದ್ದು ಕೇಳಿದ್ದೇ ತಡ, ಒಳಗೆ ಹೋಗಿ ಬಾಗಿಲಿಗೆ ಅಗಳಿ ಹಾಕಿಕೊಂಡಳು. "ಆಯಿ, ಇವು ನಮ್ಮವು, ಹುಡುಗರು ಕಲೀಲಿಕತ್ತಾರ" ಎಂದು ಹೊರಗಿನಿಂದ ಕೂಗಿ ಕೂಗಿ ಹೇಳಿದೆ. ಸಂಜೆಗೆ ಅಗಳಿ ತೆಗೆದಳು. ತಿಂಗಳಾಗುವ ಹೊತ್ತಿಗೆ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತು, ನಾನು ಬ್ಯಾಂಕಿನಿಂದ ಬಂದರೆ, ಇವತ್ತು ಎಷ್ಟು ಹಾರಿದವು, ಎಷ್ಟು ಇಳಿದವು ಎಂದು ವರದಿ ಕೊಡುತ್ತಿದ್ದಳು.